ರಾಗಿ ಡಬ್ಬಿಯೊಳಗಿನ ಮೊಟ್ಟೆ

ನನ್ನ ಮಕ್ಕಳು ಮುದ್ದೆ ತಿನ್ನಬಾರದು ಅಂತ ನಾನು ತೀರ್ಮಾನ ಮಾಡಿದ್ದು ಮಕ್ಕಳು ಹುಟ್ಟುವುದಕ್ಕೆ ಹತ್ತು ವರ್ಷ ಮೊದಲು. ತ್ಯಾವಣಿಗೆ ಕಡೆಯ ನಮ್ಮ ಹಳ್ಳಿಯಿಂದ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದ ಕಾಲ ಅದು. ಮಧ್ಯಾಹ್ನ ಹುಡುಗಿಯರೆಲ್ಲ ಹುಣಸೆ ಮರದ ಕೆಳಗೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಅವರದು ಬಿಳಿ ಅನ್ನ, ಮೊಸರು, ಉಪ್ಪಿನಕಾಯಿ. ನನ್ನದು ಅವ್ವ ಬಟ್ಟೆಯಲ್ಲಿ ಕಟ್ಟಿಕೊಟ್ಟ ತಂಗಳು ಮುದ್ದೆ, ಗದ್ದೆಯ ಬದುವಿನಿಂದ ಕಿತ್ತು ತಂದ ಸೊಪ್ಪಿನ ಪಲ್ಯ. ಒಂದು ದಿನ ನಾನು ಗಂಟು ಬಿಚ್ಚಿದ ಕೂಡಲೇ ಪಕ್ಕದಲ್ಲಿದ್ದವಳು ಏನೂ ಅನ್ನದೆ ತನ್ನ ಡಬ್ಬಿ ಎತ್ತಿಕೊಂಡು ಆ ಕಡೆ ಸರಿದು ಕೂತಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಬಾಯಿ ನನಗೇನೂ ಕಮ್ಮಿ ಇರಲಿಲ್ಲ. ಸುಮ್ಮನೆ ಸರಿದಳಲ್ಲ, ಅದಕ್ಕೆ ಏನಂತ ಬೈಯಲಿ? ಮಾರನೆಯ ದಿನದಿಂದ ಶಾಲೆಯ ಹಿಂದಿನ ಗೋಡೆಗೆ ಮುಖ ಮಾಡಿ ನಿಂತು ತಿಂದು ಮುಗಿಸುತ್ತಿದ್ದೆ.

ನಾವು ಊರ ಹೊರಗಿನ ಕೇರಿಯವರು. ಅವ್ವ ಬೇರೆಯವರ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದಳು. ಅವಳು ನೆಟ್ಟ ಬತ್ತದ ಅಕ್ಕಿ ಊರೊಳಗೆ ಹೋಗುತ್ತಿತ್ತು, ನುಚ್ಚು ನಮ್ಮ ಮನೆಗೆ ಬರುತ್ತಿತ್ತು. ಅಪ್ಪ ಒಂದು ಸಲ ಯಾವುದೋ ಸಭೆಗೆ ಹೋಗಿ ಬುದ್ಧನ ಪಟ ತಂದು ಗೋಡೆಗೆ ಹಾಕಿ, ಇನ್ನು ಮೇಲೆ ನಾವು ಬೌದ್ಧರು ಅಂದ. ಅವ್ವ ಪಟಕ್ಕೆ ಹೂ ಇಟ್ಟು, ಒಲೆ ಮೇಲೆ ಎಂದಿನ ಹಾಗೆ ಮುದ್ದೆಗೆ ಎಸರಿಟ್ಟಳು. ನಾನು ಓದಿದೆ, ಟೀಚರ್ ತರಬೇತಿ ಮುಗಿಸಿದೆ. ಓದಿದ್ದು ಯಾಕೆ ಅಂತ ಯಾರಾದರೂ ಕೇಳಿದ್ದರೆ ದೊಡ್ಡ ದೊಡ್ಡ ಮಾತು ಆಡುತ್ತಿದ್ದೆನೇನೋ. ನಿಜ ಹೇಳಬೇಕೆಂದರೆ, ದಿನಾ ಬಿಳಿ ಅನ್ನ ಉಣ್ಣುವ ಮನೆ ಕಟ್ಟಬೇಕು ಅಂತ ಓದಿದೆ.

ಎಪ್ಪತ್ತರ ದಶಕದ ಕೊನೆಗೆ ನನಗೆ ಜಗಳೂರಿನ ಪ್ರೈಮರಿ ಶಾಲೆಯಲ್ಲಿ ಕೆಲಸವಾಯಿತು. ಅಷ್ಟರಲ್ಲಿ ಮದುವೆಯಾಗಿ ಮಗಳಿಗೆ ಮೂರು ತುಂಬಿತ್ತು. ಯಜಮಾನರಿಗೆ ಚನ್ನಗಿರಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ. ಅವರು ಶನಿವಾರ ಸಂಜೆ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು, ಸೋಮವಾರ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಡುತ್ತಿದ್ದರು. ನಡುವಿನ ದಿನಗಳಲ್ಲಿ ಮನೆಯಲ್ಲಿ ನಾನು, ಮಗಳು, ಒಂದು ಬತ್ತಿ ಸ್ಟವ್ವು.

ಆ ಮನೆ ಸಿಕ್ಕಿದ್ದೂ ಒಂದು ಕಥೆ. ಶೇಂಗಾ ವ್ಯಾಪಾರಿಯೊಬ್ಬರ ಮನೆ. ಮುಂದೆ ಅವರು, ಹಿಂದಿನ ಎರಡು ಕೋಣೆ ಬಾಡಿಗೆಗೆ, ನಡುವೆ ಒಂದೇ ಅಂಗಳ. ಅದಕ್ಕೂ ಮುಂಚೆ ನಾಲ್ಕು ಕಡೆ ಕೇಳಿ ಬಂದಿದ್ದೆವು. ಎಲ್ಲ ಕಡೆಯೂ ಮೊದಲು ಕಾಫಿ ಕೊಡುವ ಮಾತು, ಆಮೇಲೆ ಯಾವ ಜನ ಅನ್ನುವ ಪ್ರಶ್ನೆ, ಆಮೇಲೆ ಮನೆಗೆ ಈಗಾಗಲೇ ಯಾರೋ ಗೊತ್ತಾಗಿಬಿಟ್ಟಿದ್ದಾರೆ ಅನ್ನುವ ಉತ್ತರ. ವ್ಯಾಪಾರಿಯೂ ಕೇಳಿದರು.

"ನೀವು ಯಾವ ಪೈಕಿರೀ?"

"ಬೌದ್ಧರು ರೀ" ಅಂದರು ನಮ್ಮ ಯಜಮಾನರು.

ವ್ಯಾಪಾರಿಯ ಮುಖ ಅರಳಿತು. "ಬುದ್ಧನೋರಾ? ಹಂಗಾದ್ರೆ ಜೈನರಿದ್ದಂಗೆ ಅನ್ರಿ. ಅಹಿಂಸೆ! ಮಾಂಸ ಮೊಟ್ಟೆ ಏನೂ ಮುಟ್ಟಂಗಿಲ್ಲ. ಒಳ್ಳೇದಾತು, ನಮ್ಮನೇಲೂ ಅದೇ ಶಿಸ್ತು ಐತೆ. ನಮ್ಮಾಕಿಗೆ ಮಡಿ ಜಾಸ್ತಿ."

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ನಾನು ಹಿಂದಿನಿಂದ ಅವರ ಷರಟು ಜಗ್ಗಿ, "ಹೌದು ರೀ" ಅಂದೆ. ಆ ಸುಳ್ಳು ನನ್ನದೇ. ಅದನ್ನು ಇವತ್ತಿಗೂ ಬೇರೆಯವರ ತಲೆಗೆ ಕಟ್ಟುವುದಿಲ್ಲ.

ಸುಳ್ಳು ಹೇಳಿದ ಮೇಲೆ ಅದಕ್ಕೆ ತಕ್ಕ ಹಾಗೆ ಬದುಕಬೇಕಾಯಿತು. ಕಷ್ಟವೇನೂ ಅನಿಸಲಿಲ್ಲ, ನನಗೂ ಅದೇ ಬೇಕಿತ್ತು. ಮಿಲ್ಲಿನಲ್ಲಿ ಎರಡು ಸಲ ಪಾಲಿಶ್ ಹಾಕಿಸಿದ ಅಕ್ಕಿ ತರುತ್ತಿದ್ದೆ. ನೀರು ತಿಳಿಯಾಗುವ ತನಕ ನಾಲ್ಕು ಸಲ ತೊಳೆದು, ಬೇಯಿಸಿ, ಗಂಜಿ ಬಸಿದು, ಮಲ್ಲಿಗೆ ಮೊಗ್ಗಿನಂಥ ಅನ್ನ ಮಾಡುತ್ತಿದ್ದೆ. ಬಸಿದ ಗಂಜಿ, ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲ ಅಂಗಳದ ಬಾನಿಗೆ, ಮನೆಯೊಡತಿಯ ಎಮ್ಮೆಗೆ. ಬೆಳಿಗ್ಗೆ ಮಗಳಿಗೆ ಹಾಲು ಬಿಸ್ಕತ್ತು, ಮಧ್ಯಾಹ್ನ ಅನ್ನ ಮೊಸರು, ಸಂಜೆ ಅನ್ನ ತಿಳಿಸಾರು. ಹೊತ್ತಿಲ್ಲದ ದಿನ ಪೇಟೆಯ ಬನ್ನು. ನನಗೆ ಐದು ಗಂಟೆಗೆ ಎದ್ದು, ನೀರು ಸೇದಿ, ಅಡಿಗೆ ಮುಗಿಸಿ, ಮಗಳನ್ನು ಎಳೆದುಕೊಂಡು ಶಾಲೆಗೆ ಓಡಬೇಕು; ಅನ್ನ ಸಾರಿನಷ್ಟು ಸಲೀಸು ಯಾವುದಿತ್ತು? ಮಗಳ ಡಬ್ಬಿಯಲ್ಲಿ ಬೆಳ್ಳಗೆ ಅನ್ನ ಹರಡಿ ಮುಚ್ಚಳ ಹಾಕುವಾಗ ನನಗಾಗುತ್ತಿದ್ದ ಸಂತೋಷ ಸಣ್ಣದಲ್ಲ. ಇವಳ ಪಕ್ಕದಿಂದ ಯಾರೂ ಸರಿದು ಕೂರುವುದಿಲ್ಲ ಅಂದುಕೊಳ್ಳುತ್ತಿದ್ದೆ.

ಯಾರೂ ಸರಿಯಲಿಲ್ಲ ನಿಜ. ಹತ್ತಿರವೂ ಯಾರೂ ಬರಲಿಲ್ಲ. ಮನೆಯೊಡತಿ ಒಳ್ಳೆಯವರು, ಐವತ್ತರ ಹೆಂಗಸು. ಸಂಜೆ ನಮ್ಮ ಹೊಸ್ತಿಲ ಹೊರಗೆ ಕೂತು ಮಾತಾಡಿಸುತ್ತಿದ್ದರು. ನೀರು ಕೊಡಲೇ ಅಂದರೆ, "ಬ್ಯಾಡ್ರೀ, ಈಗ ಕುಡ್ದು ಬಂದೆ" ಅನ್ನುತ್ತಿದ್ದರು. ಪ್ರತಿ ಸಲ ಈಗ ಕುಡಿದೇ ಬಂದಿರುತ್ತಿದ್ದರು. ಅವರ ಮನೆಯಿಂದ ಆಗಾಗ ರೊಟ್ಟಿ, ಪುಂಡಿಸೊಪ್ಪಿನ ಪಲ್ಯ ಬರುತ್ತಿತ್ತು. ಬಟ್ಟಲನ್ನು ಬರಿದಾಗಿ ವಾಪಸು ಕೊಡುವ ಹಾಗಿಲ್ಲ, ಅದು ನಮ್ಮ ಕಡೆಯ ಪದ್ಧತಿ. ನಾನು ಒಂದು ಹಿಡಿ ಸಕ್ಕರೆಯನ್ನೋ ಬೆಲ್ಲದ ಚೂರನ್ನೋ ಹಾಕಿ ಕೊಡುತ್ತಿದ್ದೆ. ಬೇಯಿಸಿದ್ದನ್ನು ಯಾವತ್ತೂ ಹಾಕಲಿಲ್ಲ. ಹಾಕಿದರೆ ಅದು ಅವರ ಅಡಿಗೆಮನೆಗೆ ಹೋಗುತ್ತದೋ ಎಮ್ಮೆಯ ಬಾನಿಗೆ ಹೋಗುತ್ತದೋ ನೋಡುವ ಧೈರ್ಯ ನನಗಿರಲಿಲ್ಲ. ಸಂಜೆ ಮಗಳಿಗೆ ಉಣ್ಣಿಸಿ ಮಲಗಿಸಿದ ಮೇಲೆ ನಾನು ಸ್ಟವ್ವಿನ ಪಕ್ಕ ಕೂತು ಪಾತ್ರೆಯಿಂದಲೇ ಉಣ್ಣುತ್ತಿದ್ದೆ. ಇಡೀ ಊರಿನಲ್ಲಿ ನನ್ನ ಕೈಯಡಿಗೆ ಉಂಡವರು ಒಂದು ಮಗು ಮತ್ತು ಒಂದು ಎಮ್ಮೆ.

ಮಗಳಿಗೆ ನಾಲ್ಕಾದ ವರ್ಷ ಅವ್ವ ನೋಡಲು ಬಂದಳು. ಮೊದಲ ದಿನವೇ ಮೊಮ್ಮಗಳ ಕೈ ಹಿಡಿದು ನೋಡಿ, "ಇದೇನವ್ವಾ, ಕೂಸು ಹಿಂಗೆ ಬಿಳಚಿಕೊಂಡೈತೆ? ತಿನ್ನಾಕೆ ಏನ್ ಕೊಡ್ತೀಯ?" ಅಂದಳು.

"ಅನ್ನ ಹಾಲು ಕೊಡ್ತೀನಿ. ನಿನ್ನಂಗೆ ತಂಗಳು ಮುದ್ದೆ ಕೊಡಲ್ಲ" ಅಂದೆ. ನನ್ನ ನಾಲಿಗೆಯೇ ಹಾಗೆ, ಬಿಟ್ಟ ಮೇಲೆ ವಾಪಸು ಬರುವುದಿಲ್ಲ.

ಮಾರನೆಯ ದಿನ ಶಾಲೆ ಬಿಟ್ಟು, ನಿದ್ದೆ ಹೋದ ಮಗಳನ್ನು ಹೆಗಲಿಗೆ ಹಾಕಿಕೊಂಡು ನಾನು ಬರುತ್ತಿದ್ದಾಗ ನೋಡುತ್ತೇನೆ, ಅವ್ವ ಶಾಲೆಯ ಬೇಲಿ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಮಡಿಲು ತುಂಬ ಸೊಪ್ಪು ಕೀಳುತ್ತಿದ್ದಾಳೆ. ಹಿಂದಿನ ವಾರ ಮಳೆ ಬಂದು ಅಣ್ಣೆಸೊಪ್ಪು, ಹೊನಗೊನೆ ಎಲ್ಲ ಎದ್ದಿತ್ತು. ನನ್ನ ಜೊತೆಯ ಟೀಚರೊಬ್ಬರು, "ಯಾರ್ರೀ ಅದು, ನಿಮ್ಮ ಕಡೆ ನೋಡಿ ನಗ್ತಾ ಇದಾರೆ?" ಅಂದರು. ನಾನು ಗೊತ್ತಿಲ್ಲ ಅಂದೆ. ಇನ್ನೊಂದು ದಾರಿ ಹಿಡಿದು ಮನೆಗೆ ಹೋದೆ.

ಅವ್ವ ಸೊಪ್ಪು ಹೊತ್ತು ಬಂದಾಗ ನಾನು ಕುದಿಯುತ್ತಿದ್ದೆ. "ನಾನಿಲ್ಲಿ ಟೀಚರ್ರು. ನನ್ನ ತಾಯಿ ಬೇಲಿ ಸಾಲಲ್ಲಿ ಕಳೆ ಕೀಳ್ತಾಳೆ ಅಂತ ಊರೋರು ಮಾತಾಡಬೇಕಾ? ಅದನ್ನೆಲ್ಲ ಈ ಮನೆಯೊಳಗೆ ತರಬೇಡ" ಅಂದೆ.

"ಕಳೆ ಅಲ್ಲವ್ವಾ, ಇದು ತಿಂದೇ ನೀನು ಇಷ್ಟು ಗಟ್ಟಿಯಾಗಿ ಬೈಯಾಕೆ ಕಲ್ತಿದ್ದು" ಅಂದಳು ಅವ್ವ. ನಗಿಸಲು ಹೇಳಿದಳೋ ಏನೋ, ನಾನು ನಗಲಿಲ್ಲ. ಅವಳು ಸೊಪ್ಪನ್ನು ಎಮ್ಮೆಯ ಮುಂದೆ ಹಾಕಿ ಬಂದಳು. ನಾಲ್ಕು ದಿನ ಇರಲು ಬಂದವಳು ಬೆಳಿಗ್ಗೆ ಎದ್ದು ಬಸ್ಸಿಗೆ ಹೊರಟಳು. ನಾನು ತಡೆಯಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಅವಳು ಮೊಮ್ಮಗಳಿಗೆ ಮಾತ್ರ ಕೈ ಬೀಸಿದಳು.

ಅದಾದ ಎರಡು ತಿಂಗಳಿಗೆ ಮಗಳು ಬಳಪ ತಿನ್ನುವುದು ನನಗೆ ಗೊತ್ತಾಯಿತು. ಅವಳನ್ನು ನನ್ನ ತರಗತಿಯ ಹಿಂದಿನ ಸಾಲಿನಲ್ಲಿ ಕೂರಿಸಿಕೊಳ್ಳುತ್ತಿದ್ದೆ. ದಿನಾ ಒಂದು ಬಳಪ ಕೊಟ್ಟರೂ ಸಂಜೆಗೆ ಇರುತ್ತಿರಲಿಲ್ಲ. ಕಳೆದುಕೊಳ್ಳುತ್ತಾಳೆ ಅಂತ ಬೈದೆ. ಒಂದು ದಿನ ತಿರುಗಿ ನೋಡಿದರೆ ಕಟಕಟ ಅಂತ ಕಡಿಯುತ್ತಿದ್ದಾಳೆ, ತುಟಿಯೆಲ್ಲ ಬೂದಿ ಬಣ್ಣ. ಮಕ್ಕಳೆಲ್ಲ ನಕ್ಕರು. ನಾನು ಎಲ್ಲರ ಎದುರಿಗೇ ಅವಳ ಕೈಗೆ ಹೊಡೆದೆ. ಮನೆಗೆ ಬಂದು ನೋಡಿದರೆ ಮಲಗುವ ಜಾಗದ ಗೋಡೆಯಲ್ಲಿ ಸುಣ್ಣ ಕೆರೆದ ಗುರುತು, ಬೆರಳಿನ ಅಗಲದಷ್ಟು. ಅದಕ್ಕೂ ಹೊಡೆದೆ. ಆಮೇಲೊಂದು ಬೆಳಿಗ್ಗೆ ಪ್ರಾರ್ಥನೆಗೆ ನಿಂತಿದ್ದವಳು ಸದ್ದಿಲ್ಲದೆ ಕುಸಿದು ಕೂತಳು. ಎತ್ತಿಕೊಂಡಾಗ ಅವಳ ಭಾರವೇ ಗೊತ್ತಾಗಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಅವಳ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನನಗೂ ತೋರಿಸಿದರು. ಕೆಂಪಿರಬೇಕಾದ ಜಾಗ ಕಾಗದದಂತಿತ್ತು. "ರಕ್ತವೇ ಇಲ್ಲ. ಇಂಥ ಮಕ್ಕಳೇ ಬಳಪ, ಸುಣ್ಣ ತಿನ್ನೋದು. ಏನು ಕೊಡ್ತೀರಿ ಮಗೂಗೆ?" ಅಂದರು.

ನಾನು ಗತ್ತಿನಿಂದಲೇ ಹೇಳಿದೆ. ಒಳ್ಳೆಯ ಅಕ್ಕಿ, ನಾಲ್ಕು ಸಲ ತೊಳೆದು, ಬಸಿದು.

"ತೊಳೆದದ್ದು ಬಸಿದದ್ದು ಎಲ್ಲಿಗೆ ಹೋಗುತ್ತೆ?"

"ಎಮ್ಮೆಗೆ."

"ಎಮ್ಮೆ ಚೆನ್ನಾಗಿದೆಯಾ?" ಅಂದರು ಡಾಕ್ಟರು. ಎಮ್ಮೆ ಮಿರಮಿರ ಮಿಂಚುತ್ತಿತ್ತು. ಅವರು ಚೀಟಿಯಲ್ಲಿ ಔಷಧಿ ಬರೆದು, ಬಾಯಲ್ಲಿ ಅಡಿಗೆ ಹೇಳಿದರು: ರಾಗಿ, ನವಣೆ, ನುಗ್ಗೆಸೊಪ್ಪು, ಹೊಲದಲ್ಲಿ ಸಿಗುವ ಯಾವ ಸೊಪ್ಪಾದರೂ ಸರಿ, ಶೇಂಗಾ ಬೆಲ್ಲ, ಮೊಳಕೆ ಕಾಳು, ಅನ್ನ ಮಾಡಿದರೆ ಗಂಜಿ ಚೆಲ್ಲಬಾರದು. "ದಿನಕ್ಕೊಂದು ಮೊಟ್ಟೆ ಕೊಡಿ, ತಪ್ಪಿಸಬೇಡಿ. ಮಗು ಬಹಳ ಸೋತಿದೆ. ಇನ್ನೊಂದು ಜ್ವರ ಬಂದರೆ ತಡೆದುಕೊಳ್ಳೋದು ಕಷ್ಟ" ಅಂದರು.

ಅವರು ಹೇಳಿದ್ದರಲ್ಲಿ ಮೊಟ್ಟೆಯೂ ಸೇರಿದ ಹಾಗೆ ಎಲ್ಲವೂ ಅವ್ವನ ಅಡಿಗೆ. ನಾನು ಇಷ್ಟು ವರ್ಷ ಹಟ ಹಿಡಿದು ದೂರ ಇಟ್ಟದ್ದನ್ನೇ ಡಾಕ್ಟರು ಔಷಧಿ ಅಂತ ಹೇಳಿ ಕಳಿಸಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅತ್ತೆ. ಹೊಡೆದ ಕೈಯನ್ನೇ ಅವಳು ಹಿಡಿದುಕೊಂಡಿದ್ದಳು.

ಅವ್ವನಿಗೆ ಕಾಗದ ಬರೆಯಲು ಕೂತೆ. ತಪ್ಪಾಯಿತು ಅಂತ ಬರೆಯಬೇಕಿತ್ತು. ಆದರೆ ಅವ್ವನಿಗೆ ಓದಲು ಬರುವುದಿಲ್ಲ, ಅಪ್ಪ ಆಗಲೇ ತೀರಿಕೊಂಡಿದ್ದ. ಕಾಗದವನ್ನು ಪೋಸ್ಟ್‌ಮ್ಯಾನ್ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಾನೆ, ಕೇರಿಯೆಲ್ಲ ಕೇಳುತ್ತದೆ. ಬೇಲಿಯ ಹತ್ತಿರ ನನ್ನ ತಾಯಿಯನ್ನು ಗೊತ್ತಿಲ್ಲ ಅಂದೆ ಅಂತ ಅವನ ಬಾಯಿಂದ ಹೇಳಿಸಲೇ? ಕೊನೆಗೆ, ಮಗುವಿಗೆ ಹುಷಾರಿಲ್ಲ, ರಾಗಿ ಹೆಂಗೆ ಮೊಳಕೆ ಕಟ್ಟಬೇಕು, ಸೊಪ್ಪು ಹೆಂಗೆ ಒಣಗಿಸಬೇಕು ಹೇಳಿಕಳಿಸು ಅಂತ ನಾಲ್ಕು ಸಾಲು ಬರೆದೆ.

ಮಾತಿನ ಉತ್ತರ ಬರಲಿಲ್ಲ. ಹತ್ತು ದಿನಕ್ಕೆ ಯಜಮಾನರು ಚನ್ನಗಿರಿಯಿಂದ ಬರುವಾಗ ಒಂದು ಗಂಟು ತಂದರು, ನಮ್ಮೂರಿನವರು ಯಾರೋ ಅವರ ಕಚೇರಿಗೆ ಮುಟ್ಟಿಸಿದ್ದರಂತೆ. ಬಿಚ್ಚಿದರೆ ರಾಗಿ, ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಹಿಟ್ಟು, ಹುರಿದ ಹುರುಳಿ, ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪು, ಕೆಂಪಕ್ಕಿ. ಎಲ್ಲ ಬೇರೆ ಬೇರೆ ಹಳೇ ಬಟ್ಟೆಯಲ್ಲಿ. ಒಂದು ಬಟ್ಟೆ ಗುರುತು ಸಿಕ್ಕಿತು: ನಾನು ಹೈಸ್ಕೂಲಿಗೆ ಮುದ್ದೆ ಒಯ್ಯುತ್ತಿದ್ದ ಬಟ್ಟೆ.

ಅಲ್ಲಿಂದ ನನ್ನ ಬೆಳಗಿನ ಲೆಕ್ಕಾಚಾರವೇ ಬೇರೆಯಾಯಿತು. ಸಂಜೆಯೇ ಹೆಸರುಕಾಳು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಡುವುದು. ನವಣೆ ನೆನೆಸಿಟ್ಟರೆ ಬೆಳಿಗ್ಗೆ ಬೇಗ ಬೇಯುತ್ತದೆ, ಅದಕ್ಕೆ ಈರುಳ್ಳಿ ಒಗ್ಗರಣೆ. ರೊಟ್ಟಿ ಹಿಟ್ಟಿಗೇ ಸೊಪ್ಪು ಹೆಚ್ಚಿ ಕಲಸುವುದು. ಭಾನುವಾರ ಶೇಂಗಾ ಹುರಿದು ಬೆಲ್ಲ ಸೇರಿಸಿ ಕುಟ್ಟಿ ಉಂಡೆ ಕಟ್ಟಿಟ್ಟರೆ ವಾರಕ್ಕೆ ಬನ್ನಿನ ಹಂಗಿಲ್ಲ. ಗಂಜಿ ಬಸಿಯುವುದು ಬಿಟ್ಟೆ, ನೀರು ಅಳೆದು ಇಂಗಿಸಿದೆ. ಎಮ್ಮೆಗೆ ಒಳ್ಳೆಯ ಕಾಲ ಮುಗಿಯಿತು. ಶಾಲೆಯ ಬೇಲಿ ಸಾಲಿನಲ್ಲಿ, ಮಕ್ಕಳೆಲ್ಲ ಹೋದ ಮೇಲೆ, ಅತ್ತ ಇತ್ತ ನೋಡಿ ನಾನೇ ಕುಕ್ಕರಗಾಲಿನಲ್ಲಿ ಕೂತು ಸೊಪ್ಪು ಕಿತ್ತೆ.

ಮಗಳು ಮೊದಲ ದಿನ ಮುದ್ದೆಯನ್ನು ತಟ್ಟೆಗೆ ಉಗುಳಿದಳು. "ಇದು ಕರ್ರಗೈತೆ. ಬಡವರು ತಿನ್ನೋದು" ಅಂದಳು. ನಾಲ್ಕು ವರ್ಷದ ಕೂಸು. ಅದು ನಾನು ಯಾವಾಗ ಆಡಿದ ಮಾತೋ! ಬಾಯಿಗೆ ಬಂದ ಬೈಗುಳ ನುಂಗಿಕೊಂಡು ಮುದ್ದೆಯನ್ನು ಗೋಲಿಯಷ್ಟು ಸಣ್ಣ ಸಣ್ಣ ಉಂಡೆ ಮಾಡಿ, ಬೆಣ್ಣೆ ಸವರಿ, ನಾನೊಂದು ನುಂಗಿ ಅವಳಿಗೊಂದು ಕೊಟ್ಟೆ. ಆಟದ ಗುಂಗಿನಲ್ಲಿ ಆರೇಳು ಒಳಗೆ ಹೋದವು. ವಾರದಲ್ಲಿ ಅವಳೇ ಕೇಳತೊಡಗಿದಳು. ನನಗೂ ಎಷ್ಟೋ ವರ್ಷದ ಮೇಲೆ ಮುದ್ದೆ ಗಂಟಲಲ್ಲಿ ಇಳಿಯಿತು. ರುಚಿಯಾಗಿತ್ತು ಅಂತ ಒಪ್ಪಿಕೊಳ್ಳಲು ಎದುರಿಗೆ ಯಾರಾದರೂ ಇರಬೇಕಿತ್ತು ಅನಿಸಿತು.

ಮೊಟ್ಟೆಯದೇ ತೊಂದರೆ. ಮಗಳ ಮೈಯಲ್ಲಿ ರಕ್ತ ಬರಬೇಕು, ತಲೆ ಮೇಲಿನ ಸೂರೂ ಉಳಿಯಬೇಕು. ಇನ್ನೊಂದು ಮನೆ ಹುಡುಕಲು ಹೊರಟರೆ ಮತ್ತೆ ಅದೇ ಕಾಫಿ, ಅದೇ ಪ್ರಶ್ನೆ. ಜಗಳೂರಿನ ಅಂಗಡಿಯಲ್ಲಿ ಟೀಚರಮ್ಮ ಮೊಟ್ಟೆ ಕೊಂಡರೆ ಸಂಜೆಯೊಳಗೆ ಶೇಂಗಾ ವ್ಯಾಪಾರಿಗೆ ಸುದ್ದಿ ಮುಟ್ಟುತ್ತಿತ್ತು. ಹಾಗಾಗಿ ಮೊಟ್ಟೆ ಚನ್ನಗಿರಿಯಿಂದ ಬರತೊಡಗಿತು. ಯಜಮಾನರು ತಗಡಿನ ಡಬ್ಬಿಯಲ್ಲಿ ಬತ್ತದ ಹೊಟ್ಟು ತುಂಬಿ, ಒಂದು ವಾರದ ಏಳು ನಾಟಿ ಮೊಟ್ಟೆ ಹೂತಿಟ್ಟು, ಎರಡೂ ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ತರುತ್ತಿದ್ದರು. "ಡಬ್ಬಿಯಲ್ಲೇನ್ರಿ ಅಂತ ಕಂಡಕ್ಟರ್ ಕೇಳ್ದ. ಗಡಿಯಾರ ಅಂದೆ" ಅಂತ ಒಂದು ಸಲ ಹೇಳಿದರು. ಆ ಮನೆಯಲ್ಲಿ ನಾವಿಬ್ಬರೂ ಸೇರಿ ನಕ್ಕ ನೆನಪು ಅಷ್ಟೇ ಇರುವುದು.

ಮನೆಗೆ ಬಂದ ಮೊಟ್ಟೆಗಳನ್ನು ನಾನು ಅವ್ವ ಕಳಿಸಿದ ರಾಗಿಯ ಡಬ್ಬಿಯೊಳಗೆ ಹೂತಿಡುತ್ತಿದ್ದೆ. ತಣ್ಣಗಿರುತ್ತವೆ, ಕಣ್ಣಿಗೂ ಬೀಳುವುದಿಲ್ಲ. ಬೆಳಿಗ್ಗೆ ಕತ್ತಲಲ್ಲೇ ಕೈ ಹಾಕಿ ತಡಕಿ ಒಂದನ್ನು ತೆಗೆದು, ತೊಳೆದು, ಮುಂದಿನ ಮನೆಯಲ್ಲಿ ಪೂಜೆಯ ಗಂಟೆ ಶುರುವಾಗುವುದನ್ನೇ ಕಾದು ನೀರಿಗೆ ಹಾಕುತ್ತಿದ್ದೆ. ಮನೆಯೊಡತಿ ಪೂಜೆಗೆ ಕೂತರೆ ಅಂಗಳಕ್ಕೆ ಬರಲು ಅರ್ಧ ಗಂಟೆ. ಬಾಗಿಲಿಗೆ ಅಗುಳಿ, ಕಿಟಕಿಗೆ ಚಿಲಕ, ಇಂಗಿನ ಒಗ್ಗರಣೆ ಚೊಂಯ್ ಅನ್ನಿಸಿ ಎಬ್ಬಿಸಿದ ವಾಸನೆ. ಮಗಳು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ತಿನ್ನುತ್ತಿದ್ದಳು. ಹಾಗೆ ಕೂರು ಅಂತ ನಾನೇ ಹೇಳಿದ್ದೆ, ಕಿಟಕಿಯ ಸಂದಿಯಿಂದ ಕಾಣಬಾರದು ಅಂತ. ತಿಂದಾದ ಮೇಲೆ ಬಾಯಿ ಮುಕ್ಕಳಿಸಿ, ಒಂದು ಏಲಕ್ಕಿ ಕಾಳು. ಸಿಪ್ಪೆಯನ್ನು ಪುಡಿ ಮಾಡಿ ಕಾಗದದಲ್ಲಿ ಮಡಚಿ ನನ್ನ ಶಾಲೆಯ ಚೀಲಕ್ಕೆ. ಅಲ್ಲಿ ಶಾಲೆಯ ಹಿಂದಿನ ದಾಸವಾಳದ ಬುಡದಲ್ಲಿ ಹೂತು ಬರುತ್ತಿದ್ದೆ.

ಒಂದು ವರ್ಷದಲ್ಲಿ ಆ ದಾಸವಾಳ ಮೈತುಂಬ ಹೂ ಬಿಟ್ಟಿತು. ಮನೆಯೊಡತಿಗೆ ಅದು ಹೇಗೋ ಗೊತ್ತಾಯಿತು. "ಟೀಚರ್ರೇ, ನಿಮ್ಮ ಶಾಲೆ ದಾಸವಾಳ ಭಾಳ ಚಂದ ಬಿಟ್ಟಾವಂತೆ. ನಾಲ್ಕು ಹೂ ತರ್ತೀರಾ ಪೂಜೆಗೆ?" ಅಂದರು. ಅಂದಿನಿಂದ ಸಿಪ್ಪೆ ಹೊತ್ತು ಹೋದ ಚೀಲದಲ್ಲೇ ಹೂ ಹೊತ್ತು ಬರುತ್ತಿದ್ದೆ. ನಗು ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಹೇಳಿಕೊಂಡು ನಗಲು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಮಗಳ ತುಟಿಗೆ ಬಣ್ಣ ಬಂತು. ಬಳಪ ಸಂಜೆಯ ತನಕ ಉಳಿಯತೊಡಗಿತು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಪರವಾಗಿಲ್ಲ, ಹೀಗೇ ನಡೆಸಿ ಅಂದರು. ಅಂಗಳದಲ್ಲಿ ಅವಳು ಎಮ್ಮೆಯ ಕರುವಿನ ಹಿಂದೆ ಓಡುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಗಲೇ ಒಂದು ಬೆಳಿಗ್ಗೆ ನಡೆದದ್ದು. ಮನೆಯೊಡತಿ ಅಂಗಳದಲ್ಲಿ ಅವಳನ್ನು ಹತ್ತಿರ ಕರೆದು ಕೆನ್ನೆ ಹಿಂಡಿ, "ಏನು ತಿಂದೆ ಪುಟ್ಟೀ ಇವತ್ತು? ಕೆನ್ನೆ ಕೆಂಪಗಾಗ್ಯಾವಲ್ಲ!" ಅಂದರು.

ಹತ್ತು ನಿಮಿಷದ ಹಿಂದೆ ತಿಂದ ಮೊಟ್ಟೆ. ನಾನು ಬಾಗಿಲು ದಾಟುವ ಮೊದಲೇ ಮಗಳು ಕಣ್ಣು ಮಿಟುಕಿಸದೆ, "ಉಪ್ಪಿಟ್ಟು" ಅಂದಳು.

ನಾನು ಹೇಳಿಕೊಟ್ಟಿರಲಿಲ್ಲ. ಸುಳ್ಳು ಹೇಳು ಅಂತ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಒಳಗೆ ಬಂದವಳನ್ನು ಎತ್ತಿ ಮುದ್ದಾಡಿದೆ. ಜಾಣೆ, ಬಂಗಾರ ಅಂದೆ. ಬಹುಮಾನ ಅಂತ ಒಂದು ಶೇಂಗಾ ಉಂಡೆ ಜಾಸ್ತಿ ಕೊಟ್ಟೆ. ಇವತ್ತು ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಅವತ್ತು ಮಾತ್ರ ಹೆಮ್ಮೆಯಾಗಿತ್ತು.

ಎರಡನೇ ಮಗಳ ಬಾಣಂತನಕ್ಕೆ ಊರಿಗೆ ಹೋದೆ. ಅವ್ವ ಬಿಸಿ ನೀರು ಹೊಯ್ದಳು, ಮುದ್ದೆ ತೊಳಸಿ ಉಣ್ಣಲಿಕ್ಕಿದಳು. ಬೇಲಿಯ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ದಿನ ಅವಳು ತಟ್ಟೆಗೆ ಸೊಪ್ಪು ಬಡಿಸಿ, "ತಿನ್ನವ್ವಾ, ಕಳೆ ಅಲ್ಲ" ಅಂದಳು. ತಲೆ ತಗ್ಗಿಸಿ ತಿಂದೆ. ಅವಳು ಇನ್ನಷ್ಟು ಬಡಿಸಿದಳು. ಜಗಳೂರಿಗೆ ಮಾತ್ರ ಅವಳು ಮತ್ತೆ ಬರಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ನನಗೆ ಹೊನ್ನಾಳಿಗೆ ವರ್ಗವಾಯಿತು, ಅದೇ ವರ್ಷ ಯಜಮಾನರಿಗೆ ನ್ಯಾಮತಿಗೆ. ಅವರು ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರಬಹುದಿತ್ತು. ಸರ್ಕಾರಿ ಕ್ವಾರ್ಟರ್ಸೂ ಸಿಕ್ಕಿತು. ಸಾಲಿಗೆ ಎಂಟು ಮನೆ, ಎಲ್ಲರೂ ನೌಕರಿಯವರು, ಯಾರೂ ಯಾರ ಪೈಕಿಯನ್ನೂ ಕೇಳುವ ಗೋಜಿಗೆ ಹೋಗಲಿಲ್ಲ. ಪಕ್ಕದ ಮನೆಯವರು ಹೊಳೆಯ ಮೀನು ತಂದು ಅಂಗಳದಲ್ಲೇ ಕೂತು ಉಜ್ಜುತ್ತಿದ್ದರು. ಮೊದಲ ವಾರ ನನಗೆ ನಂಬಿಕೆಯೇ ಬರಲಿಲ್ಲ. ಎರಡನೇ ವಾರ ಪೇಟೆಗೆ ಹೋಗಿ, ಎಲ್ಲರೂ ನೋಡಲಿ ಅಂತಲೇ, ಕೈಯಲ್ಲಿ ಮೊಟ್ಟೆ ಹಿಡಿದು ಬೀದಿ ತುಂಬ ನಡೆದು ಬಂದೆ. ಕಿಟಕಿ ಬಾಗಿಲು ತೆರೆದು, ಇಂಗು ಹಾಕದೆ, ನಾಲ್ಕು ಮೊಟ್ಟೆ ಒಟ್ಟಿಗೆ ಬೇಯಿಸಿದೆ. ನಾಲ್ವರೂ ಒಟ್ಟಿಗೆ ಉಣ್ಣುವ ಮನೆ ಕೊನೆಗೂ ಆಯಿತು ಅಂತ ನನ್ನಷ್ಟಕ್ಕೆ ಹಿಗ್ಗುತ್ತಿದ್ದೆ.

ಯಜಮಾನರು ತಮ್ಮದನ್ನು ತಿಂದು ಬಸ್ಸಿಗೆ ಓಡಿದರು. ಚಿಕ್ಕವಳಿಗೆ ಆಗ ಮೂರು. ಅವಳು ಮೊಟ್ಟೆ ಹಿಡಿದುಕೊಂಡು ಹೊಸ್ತಿಲು ದಾಟಿ ಹೊರಗಿನ ಮೆಟ್ಟಿಲ ಮೇಲೆ ಕೂತು ಬಾಯೆಲ್ಲ ಹಳದಿ ಮಾಡಿಕೊಂಡು ತಿನ್ನುತ್ತಿದ್ದಳು. ನಾನು ಒಳಗೆ ಡಬ್ಬಿಗೆ ರೊಟ್ಟಿ ಕಟ್ಟುತ್ತಿದ್ದೆ. ದೊಡ್ಡವಳು ಮೂಲೆಯಿಂದ ಎದ್ದಳು. ಅವಳಿಗೆ ಒಂಬತ್ತು ವರ್ಷ. ಈ ಮನೆಯಲ್ಲೂ ಅವಳು ಗೋಡೆಗೆ ಮುಖ ಮಾಡಿಯೇ ಕೂತಿದ್ದಳು, ನಾನು ಗಮನಿಸಿರಲಿಲ್ಲ. ಓಡಿ ಹೋಗಿ ತಂಗಿಯ ರೆಟ್ಟೆ ಹಿಡಿದು ಒಳಗೆಳೆದು, ಲಂಗದ ತುದಿಯಿಂದ ಅವಳ ಬಾಯಿ ಗಸಗಸ ಒರೆಸಿದಳು. ಕಿಟಕಿ ಮುಚ್ಚಿದಳು. ಮೆಟ್ಟಿಲ ಮೇಲೆ ಬಿದ್ದಿದ್ದ ಸಿಪ್ಪೆಯನ್ನೆಲ್ಲ ಆಯ್ದು ನೋಟ್‌ಬುಕ್ಕಿನ ಹಾಳೆಯಲ್ಲಿ ಮಡಚಿ ತನ್ನ ಶಾಲೆಯ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ತಂಗಿಯ ಮುಂದೆ ಮಂಡಿಯೂರಿ ಮೆಲ್ಲಗೆ, "ಯಾರಾದ್ರೂ ಏನು ತಿಂದೆ ಅಂತ ಕೇಳಿದ್ರೆ ಉಪ್ಪಿಟ್ಟು ಅನ್ನು. ಅಂದ್ರೆ ಅಮ್ಮ ಶೇಂಗಾ ಉಂಡೆ ಕೊಡ್ತಾಳೆ" ಅಂದಳು.

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ಉಳಿಯಿತು. ಹೋಗಿ ಕಿಟಕಿ ತೆರೆದೆ. "ಇಲ್ಲಿ ಹಂಗೆಲ್ಲ ಬೇಡ ಮಗಳೇ. ಇಲ್ಲಿ ಯಾರೂ ಕೇಳಲ್ಲ" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು, ನಾನು ಅವಳನ್ನು ಪರೀಕ್ಷೆ ಮಾಡುತ್ತಿದ್ದೇನೆ ಅನ್ನುವ ಹಾಗೆ. ನಾನು ನನ್ನ ಮೊಟ್ಟೆ ತೆಗೆದುಕೊಂಡು ಹೋಗಿ ಬೀದಿಗೆ ಕಾಣುವ ಹಾಗೆ ಮೆಟ್ಟಿಲ ಮೇಲೆ ಕೂತೆ. ಪಕ್ಕದ ಜಾಗ ತಟ್ಟಿ, "ಬಾ, ಇಲ್ಲೇ ಕೂತು ತಿನ್ನು" ಅಂದೆ. ಚಿಕ್ಕವಳು ಬಂದು ನನ್ನ ತೊಡೆ ಏರಿದಳು. ದೊಡ್ಡವಳು ಬರಲಿಲ್ಲ. ಇನ್ನೊಂದು ಸಲ ಕರೆದೆ, ಮತ್ತೊಂದು ಸಲ ಕರೆದೆ. ಸಿಪ್ಪೆ ಸುಲಿದು ತಿನ್ನತೊಡಗಿದೆ. ತಿರುಗಿ ನೋಡಿದರೆ ಅವಳು ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳ ಕಣ್ಣು ನನ್ನ ಮೇಲಿರಲಿಲ್ಲ. ಅಮ್ಮ ತಿಂದು ಮುಗಿಸುವ ತನಕ ಯಾರೂ ಬರದಿರಲಿ ಅಂತ ಅವಳು ಬೀದಿಯ ಆ ತುದಿ ಈ ತುದಿ ಕಾಯುತ್ತಿದ್ದಳು.